ಉಬ್ಬಸ ಬಿಟ್ಟ ಮೇಲೆ

ನವೆಂಬರ್ ೯, ಸೋಮವಾರ

ಬೆಳಗಿನಿಂದ ಒಂದೇ ಕೊರಗು: ಇವತ್ತು ಉಬ್ಬಸದ ಚಿಕಿತ್ಸೆಯ ಕೊನೆಯ ದಿನ. ಎರಡು ತಿಂಗಳಿಂದ ವಾರಕ್ಕೆ ಮೂರು ಸಲ ಸ್ನಾಯುಗಳಿಗೆ ಬಲ ಬರಲೆಂದು ಎದೆಗೂ ತೊಡೆಗೂ ಯಂತ್ರದಿಂದ ಕೆಂಪು ಬೆಳಕು ಹಾಯಿಸಿಕೊಂಡು, ಆಮೇಲೆ ಭಾರ ಎತ್ತುತ್ತಿದ್ದೆ. ಫಿಸಿಯೋಥೆರಪಿಯವಳು ಬೆನ್ನು ತಟ್ಟಿದಳು.

"ಆರು ಕೆಜಿ ಎತ್ತಿದ್ರೂ ಉಬ್ಬಸ ಇಲ್ಲ ನೋಡಿ ಆಂಟಿ! ಬೆಳಕಿಂದಾನೋ ಭಾರದಿಂದಾನೋ, ನನಗೂ ಗೊತ್ತಿಲ್ಲ. ಇನ್ಹೇಲರ್ ಮಾತ್ರ ಬಿಡ್ಬೇಡಿ."

ನಾಳೆಯಿಂದ ಬೆನ್ನು ತಟ್ಟುವ ಆ ಕೈಯೂ ಇಲ್ಲ.

ವಾಪಸ್ ಬಂದು ನನ್ನ ಮನೆಗೆ ಮೂರು ಮಹಡಿಯನ್ನೂ ನಿಲ್ಲದೆ ಹತ್ತಿದೆ. ಮೊದಲೆಲ್ಲ ಎರಡನೇ ಮಹಡಿಯಲ್ಲಿ ಏದುಸಿರು ಬಿಡುತ್ತಾ ನಿಂತರೆ, ಸದ್ದು ಕೇಳಿ ಅಲ್ಲಿನ ಅಜ್ಜಿ ನೀರು ತಂದುಕೊಡುತ್ತಿದ್ದರು, ಎರಡು ಮಾತಾಡುತ್ತಿದ್ದರು. ಹತ್ತು ದಿನದಿಂದ ಅಲ್ಲಿ ನಿಲ್ಲಲು ನನಗೆ ನೆಪವೇ ಇಲ್ಲ.

ಬೀಗ ತೆಗೆದರೂ ಒಳಗೆ ಹೋಗಲು ಮನಸ್ಸಾಗಲಿಲ್ಲ. ಇಳಿದು ಹೋಗಿ ಅವರ ಬಾಗಿಲು ತಟ್ಟಿದೆ.

"ಅಯ್ಯೋ, ಇದ್ದೀಯಾ!" ಅಜ್ಜಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. "ಹತ್ತು ದಿನದಿಂದ ನಿನ್ನ ಸದ್ದೇ ಇಲ್ಲ. ಹತ್ತಿ ನೋಡೋಣ ಅಂದ್ರೆ ಈ ಮಂಡಿ ಕೇಳಲ್ಲ. ಯಾರನ್ನ ವಿಚಾರಿಸ್ಲಿ ಹೇಳು?"

ಹತ್ತು ದಿನ ಅವರು ನನ್ನ ಉಸಿರಿಗೆ ಕಿವಿಗೊಟ್ಟು ಕೂತಿದ್ದರು. ಅವರ ತಲೆಯ ಮೇಲಿನ ಮನೆಯಲ್ಲೇ ನಾನೂ ಕೂತಿದ್ದೆ, ನನಗೆ ಯಾರೂ ಇಲ್ಲ ಎಂದು...