ದಮ್ಮಿನ ಪೆನ್ಶನ್

ಬನವಾಸಿ
೧೨ ಫೆಬ್ರವರಿ ೧೯೬೧

ಪ್ರೀತಿಯ ಅಕ್ಕ ಸಾವಿತ್ರವ್ವನಿಗೆ,

ತಮ್ಮ ಪರಮೇಶ್ವರಪ್ಪನ ಶರಣು. ಭಾವನವರಿಗೂ ತಿಳಿಸು. ಇಲ್ಲಿ ನಾವೆಲ್ಲ ಇದ್ದೇವೆ. ಕ್ಷೇಮ ಎಂದು ಬರೆಯಲು ಕೈ ಬರಲಿಲ್ಲ, ಅದಕ್ಕೇ ಇದ್ದೇವೆ ಎಂದಷ್ಟೇ ಬರೆದೆ. ನಿನ್ನ ದೀಪಾವಳಿಯ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಸಿದ್ದಾಪುರದಿಂದ ಸಂತೆಗೆ ಬಂದವರ ಹತ್ತಿರ "ನಮ್ಮ ಪರಮ ಅದಾನೋ ಇಲ್ಲೋ ಕೇಳಿಕೊಂಡು ಬರ್ರಿ" ಎಂದು ಹೇಳಿಕಳಿಸಿದ್ದೆಯಂತೆ. ಕೇಳಿ ನಾಚಿಕೆಯಾಯಿತು.

ಮೊದಲು ಒಳ್ಳೆಯ ಸುದ್ದಿ. ನನ್ನ ಅಪೀಲು ಗೆದ್ದಿತು. ದಮ್ಮು ದಂಡಿನ ನೌಕರಿಯಲ್ಲೇ ಹತ್ತಿದ್ದೆಂದು ಒಪ್ಪಿ ಪೆನ್ಶನ್ ಮಂಜೂರು ಮಾಡಿದ್ದಾರೆ. ಮನೆಯಾಕೆ ಗಿರಿಜವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು.

ಮೊದಲ ಅರ್ಜಿ ತಿರುಗಿ ಬಂದದ್ದು ನಿನಗೆ ಗೊತ್ತಲ್ಲ. ಇದು ಹುಟ್ಟಿನಿಂದಲೇ ಮೈಯಲ್ಲಿದ್ದ ರೋಗ, ದಂಡಿನಲ್ಲಿ ಬಂದದ್ದಲ್ಲ ಎಂದು ಬರೆದಿದ್ದರು. ಹಿಮದ ನಾಡಿನಲ್ಲಿ ಹೇಸರಗತ್ತೆಗಳ ಹುಲ್ಲಿನ ಗೋದಾಮು ಕಾದವನು ನಾನು. ಬಾಗಿಲು ತೆಗೆದರೆ ಚಳಿ, ಮುಚ್ಚಿದರೆ ದೂಳು. ಅಲ್ಲೇ ಒಂದು ಮುಂಜಾನೆ ಹುಲ್ಲಿನ ಕಟ್ಟು ಎತ್ತುವಾಗ ಎದೆ ಹಿಡಿದದ್ದು ಇವತ್ತಿಗೂ ಬಿಟ್ಟಿಲ್ಲ. ಊರಿಗೆ ಬಂದ ಮೇಲೆ ಗಿರಿಜವ್ವ ತುಂಬಿದ ಕೊಡ ಹೊತ್ತು ಮುಂದೆ ನಡೆದರೆ ನಾನು ಬರಿಗೈಯಲ್ಲಿ ಹಿಂದೆ ಏದುತ್ತ ಬರುವವನು. ಅರ್ಜಿ ತಿರುಗಿದ ಸುದ್ದಿ ಹಬ್ಬಿದಾಗ ಊರ ಬಾಗಿಲಿನ ಅಗಸೆಯ ಕಟ್ಟೆಯ ಮೇಲೆ ಯಾರೋ ನನಗೆ ಕೇಳಿಸುವ ಹಾಗೆಯೇ ಅಂದರು: "ರೋಗ ಮುಚ್ಚಿಟ್ಟು ಭರ್ತಿ ಆಗಿದ್ನಂತ. ಈಗ ಸರಕಾರದ್ದು ಕುಂತು ಉಣ್ಣಾಕ ನಿಂತಾನ." ಅಂದಿನಿಂದ ಆ ದಾರಿ ಬಿಟ್ಟು ಹಿತ್ತಿಲ ದಾರಿ ಹಿಡಿದೆ.

ಅಪೀಲು ಬರೆದುಕೊಟ್ಟವರು ನಮಗೆ ಕಲಿಸಿದ ಕಲ್ಲಯ್ಯ ಮಾಸ್ತರರು. ಕೆಲವು ತಿಂಗಳ ಮೇಲೆ, ಮನೆತನದಲ್ಲಿ ಯಾರಿಗಾದರೂ ದಮ್ಮು ಇದೆಯೋ ಎಂದು ವಿಚಾರಿಸಲು ಸಿರಸಿಯಿಂದ ಸಾಹೇಬರೊಬ್ಬರು ಬರುತ್ತಾರೆಂದು ತಿಳಿಯಿತು. ಮಾಸ್ತರರನ್ನು ಮನೆಗೆ ಕರೆಸಿದೆ. ನಮ್ಮವ್ವನಿಗೆ ದಮ್ಮು ಇದೆಯಲ್ಲ! ನಾನು ದಂಡಿನಲ್ಲಿದ್ದಾಗ ಅಕ್ಕಿ ಗಿರಣಿಗೆ ತೌಡು ಜರಡಿ ಹಿಡಿಯಲು ಹೋಗಿ ಹಚ್ಚಿಕೊಂಡದ್ದು.

ಮಾಸ್ತರರು ಹೇಳಿದರು, "ಇದ್ದದ್ದು ಇದ್ದಂಗ ಹೇಳು. ನಿಮ್ಮವ್ವಗ ಗಿರಣಿ ದೂಳಿನಿಂದ ಬಂತು, ನಿನಗ ಹುಲ್ಲಿನ ದೂಳಿನಿಂದ ಬಂತು. ಇದರಾಗ ಮನೆತನ ಏನು ಮಾಡ್ತು?"

"ದೂರ ಕುಂತವರು ಅಷ್ಟು ಓದ್ತಾರೇನ್ರೀ? ತಾಯಿಗೂ ಐತಿ ಅಂದ ಕೂಡ್ಲೇ ಕಾಗದ ಮುಚ್ಚಿಡ್ತಾರ," ಅಂದೆ ನಾನು.

ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸಪ್ಪಳ ನಿಂತದ್ದು ನನಗೆ ಕೇಳಿಸಿತು. ಅವಳಿಗೆ ನಾನು ಏನೂ ಹೇಳಿಕೊಡಲಿಲ್ಲ ಅಕ್ಕ. ಹೇಳಬೇಡ ಎಂದೂ ಅನ್ನಲಿಲ್ಲ, ಹೇಳು ಎಂದೂ ಅನ್ನಲಿಲ್ಲ.

ಸಾಹೇಬರು ಬಂದರು. ಒಳ್ಳೆಯ ಮನುಷ್ಯ. ಪಡಸಾಲೆಯ ಕಂಬಳಿಯ ಮೇಲೆ ಕೂತು, ನೀರು ತಂದ ಅವ್ವನನ್ನೇ ಕೇಳಿದರು: "ಅವ್ವಾರ, ನಿಮಗೇನಾದ್ರೂ ದಮ್ಮು ಐತೇನ್ರಿ?"

"ಇಲ್ರಿ ಸಾಹೇಬ್ರ. ನಮ್ಮ ಮನೆತನದಾಗ ಯಾರಿಗೂ ಇಲ್ರಿ."

ನಾವು ಸಣ್ಣವರಿದ್ದಾಗ ಒಂದು ಸುಳ್ಳಿಗೆ ಬಾಸುಂಡೆ ಬರುವ ಹಾಗೆ ಹೊಡೆಯುತ್ತಿದ್ದವಳು ಆಕೆ. ಹೇಳಿದವಳೇ ದನಕ್ಕೆ ಹುಲ್ಲು ಹಾಕುವ ನೆವ ಮಾಡಿ ಹಿತ್ತಿಲಿಗೆ ಹೋದಳು. ನಾನು ತಲೆ ಎತ್ತಲಿಲ್ಲ. ಸಾಹೇಬರು ಬರೆದುಕೊಂಡರು.

ಹೀಗೆ ಗೆದ್ದಿದ್ದೇನೆ. ಈಗ ಅಗಸೆಯ ಕಟ್ಟೆಯವರೇ ಕರೆದು ಕೂಡಿಸುತ್ತಾರೆ. ಕೂಡುವ ಮನಸ್ಸಾಗುವುದಿಲ್ಲ.

ಮಕ್ಕಳಿಗೆ ಈ ಮಾಮನ ಆಶೀರ್ವಾದ. ಮಧುಕೇಶ್ವರ ಅವರನ್ನು ಗಟ್ಟಿ ಎದೆಯವರನ್ನಾಗಿ ಬೆಳೆಸಲಿ.

ನಿನ್ನ ತಮ್ಮ,
ಪರಮೇಶ್ವರಪ್ಪ

ತಾ.ಕ.: ಇಷ್ಟರಿಂದ ಮುಂದಿನದನ್ನು ನೀನೊಬ್ಬಳೇ ಓದಿಕೋ.

ಅವತ್ತು ಸಾಹೇಬರು ಬೇಗ ಏಳಲಿಲ್ಲ. ಚಹಾ ಬಂತು, ನನ್ನ ಬಗ್ಗೆ ನೆರೆಯವರ ಹೇಳಿಕೆ ನಡೆಯಿತು. ಅಷ್ಟರಲ್ಲಿ ಕೊಟ್ಟಿಗೆಯ ಕಡೆಯಿಂದ ಅವ್ವನ ಎದೆ ಸಿಳ್ಳು ಹಾಕುವುದು ನನ್ನ ಕಿವಿಗೆ ಬಿತ್ತು. ಇನ್ನೊಂದು ಗಳಿಗೆಗೆ ಅವರಿಗೂ ಕೇಳಿಸುತ್ತಿತ್ತು. ನಾನು ಕೆಮ್ಮತೊಡಗಿದೆ. ಬಾರದ ಕೆಮ್ಮನ್ನು ಬರಿಸಿಕೊಂಡು, ಅವಳ ಉಸಿರಿನ ಸಪ್ಪಳ ಮುಚ್ಚಿಹೋಗುವ ಹಾಗೆ ಕೆಮ್ಮಿದೆ. "ಪಾಪ, ಸಾಕು ಬಿಡ್ರಿ, ಸುಧಾರಿಸಿಕೊಳ್ರಿ," ಎಂದರು ಸಾಹೇಬರು. ಅವರು ಹೊರಟ ಮೇಲೆ ಓಡಿ ನೋಡಿದರೆ ಅವ್ವ ಹುಲ್ಲಿನ ಮೇಲೆ ಬಿದ್ದಿದ್ದಳು. ಬಾಯಿಯಲ್ಲಿ ಸೆರಗು ತುರುಕಿಕೊಂಡಿದ್ದಳು, ತುಟಿ ನೀಲಿ. ಸೆರಗು ಎಳೆದು ತೆಗೆದಾಗ ಕೇಳಿದ್ದು ಒಂದೇ ಮಾತು: "ಹೋದ್ರೇನೋ?"

ಆ ದಿನದಿಂದ ಅವಳ ದಮ್ಮು ಹೆಚ್ಚಾಗಿದೆ. ಸಿರಸಿಯ ದವಾಖಾನೆಗೆ ನಡಿ ಎಂದರೆ ಬರುವುದಿಲ್ಲ. "ಚೀಟಿಯೊಳಗ ನನ್ನ ಹೆಸರು ಬರೀತಾರ. ನಿನ್ನ ಪೆನ್ಶನ್ ಕಸಕೊಂತಾರ." ಹೋದರೆ ಹೋಗಲಿ, ಇದ್ದದ್ದನ್ನು ನಾನೇ ಬರೆದು ಕಳಿಸುತ್ತೇನೆ ಎಂದೆ. "ಹಂಗಾದ್ರ ಈ ವಯಸ್ಸಿನಾಗ ನನ್ನ ಕೈಲೆ ಸುಳ್ಳು ಯಾಕ ಹೇಳಿಸಿದಿ?" ಎಂದಳು.

ಅಕ್ಕ, ಪತ್ರ ಮುಟ್ಟಿದ ಕೂಡಲೇ ಬಾ. ಅವಳನ್ನು ಸಿದ್ದಾಪುರಕ್ಕೆ ಕರೆದುಕೊಂಡು ಹೋಗಿ ನಮ್ಮ ಗುರುತಿಲ್ಲದ ಅಲ್ಲಿನ ಡಾಕ್ಟರಿಗೆ ತೋರಿಸು. ನಾನೇ ಬಸ್ಸು ಹತ್ತಿಸಿ ಕರೆತರಬಹುದಿತ್ತು. ಆದರೆ ನಾನು ಹತ್ತಿರ ಹೋದರೆ ಸಾಕು, ಅವ್ವ ಸೆರಗು ಬಾಯಿಗಿಟ್ಟುಕೊಂಡು ಉಸಿರು ಬಿಗಿಹಿಡಿಯುತ್ತಾಳೆ.