ಅಕ್ಕನ ರಾಟೆ, ನನ್ನ ಕಾಲು

ತಾರೀಖು ೧೪, ಭಾನುವಾರ ಮಧ್ಯಾಹ್ನ

ಅಕ್ಕಾ,

ರಾಟೆ, ಉಣ್ಣೆ ತುಂಬಿದ ನಿನ್ನ ಪೆಟ್ಟಿಗೆ ಬಂದು ಇಪ್ಪತ್ತು ದಿನವಾಯಿತು. ತಲುಪಿತು ಅಂತ ಒಂದು ಸಾಲು ಬರೆಯಲು ಇವಳಿಗೇನು ಧಾಡಿ ಅಂತ ಬೈದುಕೊಂಡಿರುತ್ತೀಯ. ಬೈದುಕೋ, ತಪ್ಪು ನನ್ನದೇ. ಆದರೆ ನೀನೂ ಕಡಿಮೆಯವಳಲ್ಲ. ನಾಲ್ಕು ವರ್ಷ ಮಾತು ಬಿಟ್ಟು ಕೂತವಳು ಬರೆದದ್ದು ಇಷ್ಟೇ: "ಭುಜ ಹಿಡಿದುಕೊಂಡಿದೆ, ಹೆಣೆಯಬಲ್ಲೆ, ನೂಲಲಾರೆ. ಮಗಳಿಗೆ ಮುಂದಿನ ತಿಂಗಳು ಹೆರಿಗೆ. ಮಗುವಿನ ಶಾಲಿಗೆ ಒಂದು ಬಾಬಿನ್ ತುಂಬ ಎಳೆ ನೂತಿದ್ದೇನೆ. ಇನ್ನೊಂದನ್ನು ನೀನು ನೂತು, ಎರಡನ್ನೂ ಹೊಸೆದು ಕಳಿಸು." ಭುಜ ಈಗ ಹೇಗಿದೆ? ಅದನ್ನಾದರೂ ಬರಿ.

ಕಾಲಲ್ಲಿ ತುಳಿಯುವ ನಿನ್ನ ಈ ರಾಟೆಗೆ ನನ್ನ ಮನೆಯ ಯಾವ ಮೂಲೆಯೂ ಒಗ್ಗಲಿಲ್ಲ. ನಡುಮನೆಯಲ್ಲಿ ಇಟ್ಟರೆ ಒಂದು ಕಾಲು ಮೇಲೆ. ಮಲಗುವ ಕೋಣೆಯಲ್ಲಿ ಬೆಳಕಿಲ್ಲ. ಕೊನೆಗೆ ಅಡುಗೆಮನೆ ಬಾಗಿಲಿಗೆ ತಂದಿಟ್ಟೆ, ಈಗ ಹೋಗುವವರು ಬರುವವರೆಲ್ಲ ಎಡವುತ್ತಾರೆ. ನಮ್ಮವರು ದಿನಕ್ಕೊಮ್ಮೆ, "ಉಣ್ಣೆ ಅಂಗಡಿ ಎರಡು ಬೀದಿ ಆಚೆ ಇದೆ ಕಣೇ," ಅನ್ನುತ್ತಾರೆ.

ಮೂವತ್ತು ವರ್ಷ ರಾಟೆ ಮುಟ್ಟದವಳು ನಾನು. ಮೊದಲ ವಾರ ಗಾಲಿಯ ದಾರ ಜಾರಿ ಜಾರಿ ಬಿತ್ತು. ಕೆಳಗಿನ ಅಂಗಡಿಯ ಸೈಕಲ್ ರಿಪೇರಿಯವನನ್ನು ಕರೆದೆ. ಒಂದು ಕಣ್ಣು ಮುಚ್ಚಿ ನೋಡಿ, "ದೊಡ್ಡ ಗಾಲಿ, ಚಿಕ್ಕ ಗಾಲಿ ಒಂದೇ ಗೆರೇಲಿಲ್ಲ ಅಕ್ಕ, ಹೇಗೆ ನಿಲ್ಲುತ್ತೆ ದಾರ?" ಅಂದ. ಕಂಬ ಸರಿಸಿ ನೇರ ಮಾಡಿದ, ಅಚ್ಚಿಗೆ ಒಂದು ತೊಟ್ಟು ಎಣ್ಣೆ ಬಿಟ್ಟ. ಆಮೇಲೆ ಗಾಲಿಯ ದಾರದ ತಿರುಪು ಬಿಗಿ ಮಾಡಿದರೆ ಬಾಬಿನ್ನು ಉಣ್ಣೆಯನ್ನು ಕೈಯಿಂದ ಕಿತ್ತುಕೊಂಡು ಹೋಗುತ್ತದೆ, ಸಡಿಲ ಮಾಡಿದರೆ ಎಳೆ ಒಳಗೆ ಹೋಗದೆ ಕೈಯಲ್ಲೇ ಗಂಟು ಹಾಕಿಕೊಳ್ಳುತ್ತದೆ. ತಿರುಪನ್ನು ಕಾಲು ಕಾಲು ಸುತ್ತು ತಿರುಗಿಸುತ್ತಾ ಎಷ್ಟು ಸಲ ಎದ್ದೆನೋ, ಎಷ್ಟು ಸಲ ಕೂತೆನೋ. ಹಾಲು ಎರಡು ಸಲ ಉಕ್ಕಿತು.

ಈಗಲೂ ಇಷ್ಟು ಬರೆದು ಎದ್ದು ಹೋಗಿ ತಿರುಪು ಮುಟ್ಟಿ ಬಂದೆ. ಇರಲಿ, ಕೇಳು.

ಹೇಗೋ ಬಾಬಿನ್ನು ತುಂಬಿತು. ಮೊನ್ನೆ ನಿನ್ನದನ್ನೂ ನನ್ನದನ್ನೂ ಜೋಡಿಸಿ ಹೊಸೆಯಲು ಕೂತೆ. ನನ್ನ ಎಳೆ ಬಿಗಿದು ಬಿಗಿದು ಸುರುಳಿಯಾಯಿತು. ನಿನ್ನ ಎಳೆ, ಅಷ್ಟು ಚೆಂದದ ಎಳೆ, ಬಿಚ್ಚಿಕೊಂಡು ಬರೀ ಉಣ್ಣೆಯಾಗಿ ಮಡಿಲಿಗೆ ಬಿತ್ತು. ಗಾಲಿಯನ್ನು ಹಿಂದಕ್ಕೆ ತಿರುಗಿಸಿದೆ. ಈಗ ನಿನ್ನದು ಸುರುಳಿ, ನನ್ನದು ಚೂರು ಚೂರು. ನನಗೆ ಅಳುವೇ ಬಂತು. ರಾಟೆ ಕೆಟ್ಟಿದೆ ಅಂತ ಮತ್ತೆ ಅವನನ್ನೇ ಕರೆದೆ.

ಅವನು ರಾಟೆ ನೋಡಲೇ ಇಲ್ಲ. ಎರಡು ಎಳೆ ಬೆರಳಲ್ಲಿ ಹೊರಳಿಸಿ, "ಸೈಕಲ್ಲಿನ ಎಡ ಪೆಡಲು, ಬಲ ಪೆಡಲು ಇದ್ದ ಹಾಗಿದೆ ಅಕ್ಕ. ಒಂದರ ತಿರುಪು ಈ ಕಡೆ, ಇನ್ನೊಂದರದ್ದು ಆ ಕಡೆ. ಎರಡೂ ಸರಿಯಾಗೇ ಇವೆ. ಆದ್ರೆ ಎರಡೂ ಒಟ್ಟಿಗೆ ಸೇರಲ್ಲ," ಅಂದ.

ಅವನು ಹೋದ ಮೇಲೆ ರಾಟೆಯ ಗಾಲಿಯನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿಸಿ ನೋಡಿದೆ. ಚಿಕ್ಕಂದಿನಲ್ಲಿ ನೀನು ನೂಲುವಾಗ ನಾನು ಗಾಲಿಯ ಆಚೆ ಬದಿ ನೆಲದ ಮೇಲೆ ಕೂತಿರುತ್ತಿದ್ದೆ, ನೆನಪಿದೆಯಾ? ನಿನಗೆ ಬಲಕ್ಕೆ ತಿರುಗುವ ಗಾಲಿ ನನಗೆ ಎಡಕ್ಕೆ ತಿರುಗುತ್ತಿತ್ತು. ಅದನ್ನೇ ಕಲಿತೆ. ನನ್ನದು ಗಂಟುಗಂಟು ಅಂತ ನೀನು ನನ್ನ ನೂಲನ್ನು ನಿನ್ನದರ ಜೊತೆ ಸೇರಿಸುತ್ತಲೇ ಇರಲಿಲ್ಲ, ಹಾಗಾಗಿ ಇಷ್ಟು ವರ್ಷ ಇಬ್ಬರಿಗೂ ಗೊತ್ತಾಗಲಿಲ್ಲ.

ನನ್ನ ಬಾಬಿನ್ನನ್ನು ಪೂರ್ತಿ ಕಿತ್ತು ಹಾಕಿದ್ದೇನೆ. ನಿನ್ನದರಲ್ಲಿ ಹಾಳಾದದ್ದು ಎರಡು ಮೊಳ, ಅಷ್ಟೆ. ಈಗ ನೀನು ತಿರುಗಿಸುವ ಕಡೆಗೇ ತಿರುಗಿಸುತ್ತಿದ್ದೇನೆ. ಮರೆತು ಕೂತರೆ ಸಾಕು, ಕಾಲು ತನ್ನ ಹಳೇ ದಾರಿಗೇ ಹೋಗುತ್ತದೆ. ಇನ್ನು ಎಂಟು ದಿನ ಕೊಡು. ನೂಲನ್ನು ಪಾರ್ಸಲ್ ಮಾಡಲೋ, ನಾನೇ ತರಲೋ? ಬಾ ಅಂತ ಒಂದು ಪದ ಬರೆದರೂ ಸಾಕು, ಹೊರಟುಬಿಡುತ್ತೇನೆ.

ಮಗಳಿಗೆ ಸುಸೂತ್ರವಾಗಿ ಹೆರಿಗೆಯಾಗಲಿ. ಬರುವ ಕಂದ ನೂರು ವರ್ಷ ಬಾಳಲಿ. ನಿನ್ನ ಭುಜಕ್ಕೆ ಬಿಸಿ ಶಾಖ ಕೊಡುವುದು ಬಿಡಬೇಡ.

ನಿನ್ನ
ಎಡಬಿಡಂಗಿ

ಮರೆತ ಮಾತು: ನಿನ್ನ ಮಗಳ ಮದುವೆಯಲ್ಲಿ ಬೀಗರೆದುರು ನೀನು, "ಇವಳು ಚಿಕ್ಕಂದಿನಿಂದಲೂ ಹೀಗೇ, ಎಲ್ಲಾ ಉಲ್ಟಾ, ಬೇಕೂಂತಲೇ ಮಾಡ್ತಾಳೆ," ಅಂದೆ. ಊಟಕ್ಕೂ ನಿಲ್ಲದೆ ನಾನು ಹೊರಟು ಬಂದದ್ದು ಆ ಮಾತಿಗೇ. "ಪಕ್ಕದಲ್ಲಿ ಬಂದು ಕೂತ್ಕೋ, ಎದುರಿಂದ ಕಲಿಯೋಕಾಗಲ್ಲ," ಅಂತ ಚಿಕ್ಕಂದಿನಲ್ಲಿ ರಾಟೆ ಕಲಿಸುವಾಗ ನೀನು ಎಷ್ಟು ಕರೆದರೂ ನಾನು ಬರಲಿಲ್ಲ, ನಿಜ. ನೀನು ಅದನ್ನು ಹಟ ಅಂದುಕೊಂಡೆ. ಅಕ್ಕಾ, ಆಗ ಅಮ್ಮ ತೀರಿಹೋಗಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ನೂಲುವಾಗ ನೀನು ಕೆಳತುಟಿ ಕಚ್ಚಿಕೊಳ್ಳುತ್ತಿದ್ದೆ, ಥೇಟ್ ಅಮ್ಮನ ಹಾಗೆ. ಪಕ್ಕದಲ್ಲಿ ಕೂತರೆ ಅದು ಕಾಣುತ್ತಿರಲಿಲ್ಲ.