ಚೆಂಡಿನ ಕೋಣೆಯಲ್ಲಿ ಐದನೇ ತರಗತಿ

ಜೂನ್ 3, ಮಂಗಳವಾರ

ಇಂದು ಬೆಳಿಗ್ಗೆ ಒಂಬತ್ತೂವರೆಗೆ ನನ್ನ ಮೊಮ್ಮಗಳು ಚಿನಕುರಳಿಯನ್ನು ಶಾಲೆಯಲ್ಲಿ ಆಟದ ಸಾಮಾನಿನ ಕೋಣೆಗೆ ತಳ್ಳಿ, ಅಲ್ಲೇ ಬಿಟ್ಟರು. ದಿನಾಂಕ, ಗಂಟೆ ಎರಡನ್ನೂ ಬರೆದಿಡುತ್ತಿದ್ದೇನೆ. ‘ಹಾಗೇನೂ ಆಗಿಲ್ಲ’ ಎನ್ನುವವರು ಮುಂದೆ ಬರುತ್ತಾರೆ, ಗೊತ್ತು. ಕಾರಣ: ಐದನೇ ತರಗತಿ ಮಹಡಿಯ ಮೇಲಿದೆ, ಅವಳ ವೀಲ್‌ಚೇರ್ ಮೆಟ್ಟಿಲು ಹತ್ತುವುದಿಲ್ಲ. ನಾಲ್ಕನೆಯದು ಕೆಳಗಿತ್ತು. ಪಾಸಾಗಿದ್ದೇ ತಪ್ಪಾಯಿತು.

ಬಿಡುವಾದಾಗ ಟೀಚರ್ ಇಳಿದು ಬಂದು ಹೇಳಿಕೊಡುತ್ತಾರಂತೆ. ಇವತ್ತು ಬಿಡುವಾದದ್ದು ಹತ್ತು ನಿಮಿಷ.

ಜೂನ್ 4

ಬೀರು ಜಾಲಾಡಿದೆ. ಮೂವತ್ತು ವರ್ಷ ಲೈಬ್ರರಿಯಲ್ಲಿ ದುಡಿದವಳು, ಪೇಪರ್ ಕಟಿಂಗ್ ಕಳೆಯುವುದಿಲ್ಲ. ಸಿಕ್ಕಿತು. ಆರು ವರ್ಷದ ಹಿಂದೆ ಶಾಲೆಯ ರ‍್ಯಾಂಪ್ ಉದ್ಘಾಟನೆ, ಇದೇ ಪ್ರಿನ್ಸಿಪಾಲರ ಭಾಷಣ: ‘ಇದು ಬರೀ ಸಿಮೆಂಟಲ್ಲ, ನಮ್ಮ ಮನಸ್ಸು.’ ಆ ಮನಸ್ಸು ಗೇಟಿನಿಂದ ವರಾಂಡದವರೆಗೆ ಏರಿ, ಸುಸ್ತಾಗಿ ಅಲ್ಲೇ ಕೂತಿದೆ.

ಜೂನ್ 12, ಗುರುವಾರ

ಪ್ರಿನ್ಸಿಪಾಲರಿಗೆ ಬರೆದ ಮೂರು ಪತ್ರಕ್ಕೂ ಉತ್ತರವಿಲ್ಲ. ನಾನೇ ಹೋದೆ.

‘ಬನ್ನಿ ಮೇಡಂ. ನಿಮ್ಮ ಅಕ್ಷರ ಎಷ್ಟು ಮುದ್ದಾಗಿದೆ.’

‘ಅದರಲ್ಲಿ ಬರೆದಿದ್ದು ಓದಿದ್ರಾ ಸರ್? ಐದನೇ ತರಗತೀನೇ ಕೆಳಗೆ ತನ್ನಿ ಅಂತ.’

‘ಕೆಳಗೆ ಜಾಗ ಎಲ್ಲಿದೆ?’

‘ನಿಮ್ಮ ಈ ರೂಮು. ನಲವತ್ತು ಮಕ್ಕಳು ಆರಾಮಾಗಿ ಹಿಡೀತಾರೆ.’

‘ಆಮೇಲೆ ನಾನು?’

‘ಮೇಲೆ ಹೋಗಿ.’

‘ನನಗೆ ಮಂಡಿ ನೋವು ಮೇಡಂ. ಮೆಟ್ಟಿಲು ಹತ್ತಲೇಬಾರದು ಅಂದಿದ್ದಾರೆ ಡಾಕ್ಟರು.’

ಹೇಳುವಾಗ ಮುಖದಲ್ಲಿ ಕಿಂಚಿತ್ತೂ ಅಳುಕಿಲ್ಲ. ಹೇಳಿ ಮುಗಿದ ಮೇಲೂ ಇಲ್ಲ. ಅದರ ಬೆನ್ನಿಗೇ ತಾವು ತುಂಬಿದ್ದ ಒಂದು ಫಾರಂ ಕೈಗಿಟ್ಟರು. ವಿಶೇಷ ಅಗತ್ಯವುಳ್ಳ ಮಕ್ಕಳು ಎಲ್ಲರೊಡನೆ ಕಲಿಯುವುದರ ಬಗ್ಗೆ ಪ್ರಿನ್ಸಿಪಾಲರುಗಳ ಅಭಿಪ್ರಾಯ ಕೇಳಿ ಇಲಾಖೆ ಕಳಿಸಿದ್ದು.

‘ನೀವು ಓದಿಕೊಂಡವರು. ಸ್ವಲ್ಪ ಭಾಷೆ ತಿದ್ದಿಕೊಡಿ.’

ಜೂನ್ 13

ಫಾರಂ ಓದಿದೆ. ಎಲ್ಲ ಮಕ್ಕಳೂ ಒಟ್ಟಿಗೆ ಕಲಿಯಬೇಕೆ? ‘ಸಂಪೂರ್ಣ ಒಪ್ಪುತ್ತೇನೆ.’ ನಿಮ್ಮಲ್ಲಿರುವ ಸೌಲಭ್ಯ? ‘ಪ್ರತ್ಯೇಕ ಕೋಣೆ.’ ಅಂಥ ಮಗು ಇತರರೊಡನೆ ಬೆರೆಯುತ್ತದೆಯೆ? ‘ದಿನವೂ ನಲವತ್ತು ಮಕ್ಕಳು ಆಕೆಯ ಕೋಣೆಗೆ ತಾವಾಗಿಯೇ ಬರುತ್ತಾರೆ.’

ಚಿನಕುರಳಿಗೆ ಓದಿ ಹೇಳಿದೆ. ಬಿದ್ದು ಬಿದ್ದು ನಕ್ಕಳು.

‘ಚೆಂಡಿಗೆ ಬರ್ತಾರೆ ಅಜ್ಜಿ. ತಗೊಂಡು ಹೋಗ್ತಾರೆ, ಪೀರಿಯಡ್ ಮುಗಿದ ಮೇಲೆ ತಂದು ಎಸೀತಾರೆ. ನಾನು ಎಣಿಸ್ಕೋಬೇಕು. ಪಿ.ಟಿ. ಸರ್ ನನ್ನನ್ನ ಸ್ಟೋರ್ ಕೀಪರ್ ಅಂತಾರೆ.’

ನಗು ನಿಂತಿತು. ‘ಭಿನ್ನರಾಶಿ ಶುರುವಾಗಿದೆಯಂತೆ. ಹಾಗಂದ್ರೇನು?’

ಹೇಳಿಕೊಟ್ಟೆ. ನನಗೂ ಅರ್ಧಂಬರ್ಧ.

ಆಮೇಲೆ ಫಾರಂ ತಿದ್ದಿದೆ. ಎರಡು ಕಾಗುಣಿತ. ‘ಬರುತ್ತಾರೆ’ಯ ಹಿಂದೆ ‘ಚೆಂಡು ಒಯ್ಯಲು’ ಎಂಬ ಎರಡು ಪದ.

ಜೂನ್ 17

ಫಾರಂ ಪ್ರಿನ್ಸಿಪಾಲರಿಗೆ ಕೊಟ್ಟೆ.

‘ಮೇಡಂ, ಭಾಷೆ ಮಾತ್ರ ತಿದ್ದಿ ಅಂದಿದ್ದೆ.’

‘ಭಾಷೇನೇ ತಿದ್ದಿದ್ದು ಸರ್. ವಾಕ್ಯ ಅಪೂರ್ಣವಾಗಿತ್ತು.’

ಟೀ ಹೇಳಲಿಲ್ಲ.

ಜೂನ್ 20, ಶುಕ್ರವಾರ, ರಾತ್ರಿ 8

ಹಾಜರಿ ಚೀಟಿ ಬಂದಿದೆ. ಚಿನಕುರಳಿಯ ಹೆಸರಿನ ಮುಂದೆ ಹದಿನಾರು ದಿನ ಗೈರು. ಹಾಜರಿ ಕೂಗುವುದು ಮಹಡಿಯಲ್ಲಂತೆ. ‘ಎಸ್ ಮಿಸ್’ ಎನ್ನಲು ಇವಳು ಅಲ್ಲಿರಲಿಲ್ಲವಂತೆ. ಹೀಗೇ ಹೋದರೆ ಆರನೇ ತರಗತಿ ಇಲ್ಲ ಎಂದು ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿದೆ. ಒಂದು ದಿನವೂ ತಪ್ಪಿಸದ ಮಗು.

ನಾಳೆ ಪೋಷಕರ ಸಭೆ. ನನ್ನ ಮಗಳಿಗೆ, ಚಿನಕುರಳಿಯ ಅಮ್ಮನಿಗೆ, ಹೆದರಿಕೆ. ‘ಅಮ್ಮ, ನೀನು ಬಾಯಿ ಬಿಡ್ಬೇಡ. ಟಿಸಿ ಕೈಗೆ ಕೊಟ್ಟು ಕಳಿಸಿಬಿಡ್ತಾರೆ.’

ಚಿನಕುರಳಿ ಒಳಗಿನಿಂದಲೇ: ‘ಅಮ್ಮ, ಸುಮ್ನಿರು. ಅಜ್ಜಿ, ಮೈಕಲ್ಲಿ ಹೇಳು. ಮೇಲಿನ ಕ್ಲಾಸಿಗೂ ಕೇಳಿಸ್ಬೇಕು.’

ಹೇಳುತ್ತೇನೆ. ಬರೆದುಕೊಂಡೇ ಹೋಗುವುದು ಒಳ್ಳೆಯದು, ಸಿಟ್ಟಿನಲ್ಲಿ ಮಾತು ತಪ್ಪುತ್ತದೆ.

ಪ್ರಿನ್ಸಿಪಾಲರೇ, ನಿಮ್ಮ ಪಕ್ಕದ ಕೋಣೆಯಲ್ಲೇ ಕೂತಿದ್ದ ಮಗು ಹದಿನಾರು ದಿನ ಗೈರಾದದ್ದು ಹೇಗೆ? ಅಷ್ಟೂ ದಿನ ನೀವೂ ಮಹಡಿ ಹತ್ತಿಲ್ಲ. ನಿಮ್ಮ ಹಾಜರಿ ಹಾಕಿದವರು ಯಾರು? ರೂಮಿಗೆ ಕರೆದು ಸಮಾಧಾನ ಹೇಳುವುದು ಬೇಡ. ಸೋಮವಾರ ಐದನೇ ತರಗತಿ ಕೆಳಗೆ ಬರುತ್ತದೋ ಇಲ್ಲವೋ, ಇಲ್ಲೇ, ಇವರೆಲ್ಲರ ಎದುರು ಉತ್ತರ ಕೊಡಿ. ನೀವು ಹೇಳುವವರೆಗೂ ನಾನು ಕೂರುವುದಿಲ್ಲ.